ಈ ಸಲದ ಪಾಠವೇ ಬೇರೆ

ಓನರ್ರ ಮನೆಗೆ ಎಷ್ಟು ಜನ ನೆಂಟರು ಬಂದರೂ ಕುರ್ಚಿಗೆ ಬರವಿಲ್ಲ. ಹಾಲಿನಲ್ಲಿರುವ ಸ್ಟೀಲ್ ಕುರ್ಚಿಗಳು ದರ್ಶಿನಿಯವು, ಬಾಲ್ಕನಿಯ ತಿರುಗುವ ಕುರ್ಚಿಗಳು ಸೈಬರ್ ಸೆಂಟರಿನವು, ಮೆಟ್ಟಿಲ ಕೆಳಗೆ ಒಂದರ ಮೇಲೊಂದು ಕೂತಿರುವ ಸ್ಟೂಲುಗಳು ಟೀ ಫ್ರಾಂಚೈಸಿಯವು. ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡು ಒಂದು ಕಾಲಕ್ಕೆ ಕ್ಯಾಶ್ ಕೌಂಟರ್ ಆಗಿತ್ತು. ಅದರ ಡ್ರಾದಲ್ಲಿ ಹತ್ತು, ಇಪ್ಪತ್ತು, ಐವತ್ತರ ನೋಟಿಗೆಂದು ಮಾಡಿಸಿದ ಗೂಡುಗಳಲ್ಲಿ ಈಗ ಮಕ್ಕಳ ಸಾಕ್ಸು ಇರುತ್ತದೆ. ಅಟ್ಟದ ಮೇಲೆ ಎಪ್ಪತ್ತೆರಡು ಇಡ್ಲಿ ಒಟ್ಟಿಗೆ ಬೇಯುವ ಸ್ಟೀಮರ್ ಇದೆ. ಮನೆಯಲ್ಲಿರುವುದು ನಾಲ್ಕೇ ಜನ, ಅದರಲ್ಲೊಬ್ಬರಿಗೆ ಇಡ್ಲಿ ಸೇರದು.

ಇವರಿಗೊಂದು ಹೆಸರು ಬೇಕಿಲ್ಲ. ಬೆಂಗಳೂರಿನ ಬಡಾವಣೆಗೊಬ್ಬರಂತೆ ಇದ್ದೇ ಇರುತ್ತಾರೆ, ಹಾಸನ, ತುಮಕೂರು, ದಾವಣಗೆರೆಗಳಲ್ಲೂ ಕೊರತೆಯಿಲ್ಲ. ನಾಗರಬಾವಿಯ ಈ ಒಬ್ಬರನ್ನು ‘ಓನರ್ರು’ ಎಂದೇ ಕರೆಯೋಣ. ಯಾವುದರ ಓನರ್ರು ಎಂಬುದು ಆಗಾಗ ಬದಲಾಗುವುದರಿಂದ, ಬರೀ ಓನರ್ರು ಅಂದರೆ ತಪ್ಪಾಗುವ ಭಯವಿಲ್ಲ.

ಅಂಗಡಿ ಮುಚ್ಚಿದ ಮರುದಿನ ಓನರ್ರ ಮುಖದಲ್ಲಿ ದುಃಖ ಹುಡುಕಿದರೆ ಸಿಗುವುದಿಲ್ಲ. ‘ನೋಡಿ, ದುಡ್ಡು ಹೋದ್ರೆ ಹೋಗ್ಲಿ. ಪಾಠ ಕಲಿತೆನಲ್ಲ, ಅದು ಮುಖ್ಯ’ ಎನ್ನುತ್ತಾರೆ. ಸೋಲಿನಿಂದ ಏನನ್ನೂ ಕಲಿಯದವರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಓನರ್ರು ಆ ಪೈಕಿಯಲ್ಲ. ಅವರು ಪ್ರತಿ ಸಲವೂ ಕಲಿಯುತ್ತಾರೆ, ಚೆನ್ನಾಗಿಯೇ ಕಲಿಯುತ್ತಾರೆ. ತೊಂದರೆ ಏನೆಂದರೆ, ಕಲಿತ ಪಾಠ ಮುಚ್ಚಿದ ಅಂಗಡಿಗೆ ಮಾತ್ರ ಅಳತೆ ತೆಗೆದು ಹೊಲಿಸಿದ ಅಂಗಿಯ ಹಾಗೆ. ಮುಂದಿನ ಅಂಗಡಿಗೆ ತೊಡಿಸಲು ಹೋದರೆ ತೋಳು ಹಿಡಿಯುತ್ತದೆ.

ಮೊದಲನೆಯದು ಸೈಬರ್ ಸೆಂಟರ್. ಜೊತೆಗೆ ಝೆರಾಕ್ಸು, ಲ್ಯಾಮಿನೇಷನ್ನು, ಮೊಬೈಲ್ ರೀಚಾರ್ಜು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾವನ್ನೂ ಕರೆಯನ್ನೂ ಪುಕ್ಕಟೆ ಹಂಚತೊಡಗಿದಾಗ, ಗಂಟೆಗಿಷ್ಟು ಎಂದು ಕೊಟ್ಟು ಕ್ಯಾಬಿನ್ನಿನಲ್ಲಿ ಕೂರುತ್ತಿದ್ದ ಹುಡುಗರು ಒಬ್ಬೊಬ್ಬರಾಗಿ ಮಾಯವಾದರು. ಎರಡೇ ತಿಂಗಳಿಗೆ, ನವೆಂಬರ್ 8ರ ರಾತ್ರಿ, ಐನೂರು ಸಾವಿರದ ನೋಟುಗಳೂ ಹೋದವು. ಆಗ ಓನರ್ರಿಗೆ ನೆನಪಾದದ್ದು ಕೆಫೆ ಕಾಫಿ ಡೇ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಅದು ಶುರುವಾದಾಗ ಕಾಫಿಯ ಜೊತೆ ಇಂಟರ್ನೆಟ್ಟೂ ಸಿಗುತ್ತಿತ್ತು ಎಂಬುದು ನಿಜ. ‘ಅಲ್ಲಿ ನೆಟ್ಟು ಹೋಯ್ತು, ಕಾಫಿ ಉಳೀತು. ನಾನು ಕಾಫಿ ಇಟ್ಟಿರಲಿಲ್ಲ, ಅದೇ ತಪ್ಪು’ ಎಂದು ಲೆಕ್ಕ ಹಾಕಿ ಸಾಲ ಮಾಡಿ ಒಂದು ವೆಂಡಿಂಗ್ ಮಷೀನು ತಂದರು. ನೆಟ್ಟಿಗೆ ಬಾರದವರು ಕಾಫಿಗೂ ಬರಲಿಲ್ಲ. ಕೊನೆಗೆ ಆ ಕಂಪ್ಯೂಟರುಗಳನ್ನು ಗುಜರಿಗೆ ತೂಕ ಹಾಕಿದಂಥ ಬೆಲೆಗೆ ಕೊಂಡ ಪಕ್ಕದ ಬೀದಿಯ ಹುಡುಗ ಇಂದಿಗೂ ಅವುಗಳ ಮೇಲೇ ಬದುಕುತ್ತಿದ್ದಾನೆ. ಪ್ಯಾನ್ ಕಾರ್ಡು, ಸ್ಕಾಲರ್‌ಶಿಪ್ಪಿನ ಅರ್ಜಿ, ಸಿಇಟಿ ಆಪ್ಷನ್ ಎಂಟ್ರಿ. ಜೂನ್ ಜುಲೈನಲ್ಲಿ ಅವನ ಅಂಗಡಿ ಮುಂದೆ ಅಪ್ಪ ಅಮ್ಮ ಸಮೇತ ಕ್ಯೂ. ಓನರ್ರು ಆ ದಾರಿಯಲ್ಲಿ ದಿನಾ ವಾಕಿಂಗ್ ಹೋಗುತ್ತಾರೆ, ಕ್ಯೂ ಸರಿಸಿಕೊಂಡೇ ಹೋಗುತ್ತಾರೆ.

ಅವರು ಕಲಿತ ಪಾಠ ಬೇರೆಯೇ ಇತ್ತು: ‘ಟೆಕ್ನಾಲಜಿ ನಂಬಬಾರ್ದು. ಹೊಟ್ಟೆ ನಂಬಬೇಕು.’

ಹೊಟ್ಟೆಯನ್ನು ನಂಬಿ ದರ್ಶಿನಿ ತೆರೆದರು. ದರ್ಶಿನಿ ಎಂಬ ಪದ್ಧತಿ ಬೆಂಗಳೂರಿನ ಕೊಡುಗೆ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಕೆಫೆ ದರ್ಶಿನಿ ಶುರುವಾದ ಮೇಲೆ ಊರೆಲ್ಲ ಹಬ್ಬಿತು. ಅದರ ಜೀವಾಳ ಇರುವುದು ಏನು ಇಲ್ಲ ಎಂಬುದರಲ್ಲಿ: ಸರ್ವರ್ ಇಲ್ಲ, ಟಿಪ್ಸ್ ಇಲ್ಲ, ಕುರ್ಚಿ ಇಲ್ಲ. ಟೋಕನ್ ತಗೊಂಡು ನಿಂತು ತಿಂದು ಕೈತೊಳೆದು ಹೊರಡುವವನು ಇನ್ನೊಬ್ಬನಿಗೆ ಜಾಗ ಬಿಡುತ್ತಾನೆ. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಜನಕ್ಕೆ ಅಷ್ಟು ಕಡಿಮೆ ದರದಲ್ಲಿ ತಿಂಡಿ ಕೊಡಲು ಸಾಧ್ಯವಾಗುವುದೇ ಹಾಗೆ. ಓನರ್ರಿಗೆ ಇದರಲ್ಲೊಂದು ಕೊರತೆ ಕಂಡಿತು. ‘ಪಾಪ, ಜನ ನಿಂತ್ಕೊಂಡು ತಿಂತಾರೆ’ ಎಂದು ಕುರ್ಚಿ ಹಾಕಿಸಿದರು. ಜನ ಬಂದರು, ಕೂತರು, ಏಳಲಿಲ್ಲ. ಒಂದು ಬೈ-ಟು ಕಾಫಿಯಲ್ಲಿ ಎರಡು ಸೈಟಿನ ವ್ಯಾಪಾರ ಮುಗಿಯುತ್ತಿತ್ತು. ರಿಯಲ್ ಎಸ್ಟೇಟಿನವರು ಕಾಯಂ ವಿಳಾಸವನ್ನೇ ಅಲ್ಲಿಗೆ ಬದಲಾಯಿಸಿಕೊಂಡಂತೆ ಕಾಣುತ್ತಿದ್ದರು.

ಗಲ್ಲಾದ ಮೇಲೆ ಕೂತ ಓನರ್ರನ್ನು ನೋಡಬೇಕು. ಬೆಳಿಗ್ಗೆ ಬೋಣಿ ಆಗುವ ಮೊದಲು ಊದುಬತ್ತಿ, ಆಮೇಲೆ ನಿಂಬೆಹಣ್ಣು, ಆಮೇಲೆ ಗಲ್ಲಾದ ಮುಂದೆ ‘ಉದ್ರಿ ಕೇಳಿ ಸ್ನೇಹ ಕಳೆದುಕೊಳ್ಳಬೇಡಿ’ ಎಂಬ ಬೋರ್ಡನ್ನು ಬಟ್ಟೆಯಿಂದ ಒರೆಸುವುದು. ಅಷ್ಟರಲ್ಲಿ ಹೈಸ್ಕೂಲಿನ ಗೆಳೆಯನೊಬ್ಬ ಬರುತ್ತಾನೆ. ಎರಡು ಪ್ಲೇಟ್ ಇಡ್ಲಿ-ವಡೆ, ಒಂದು ಖಾಲಿ ದೋಸೆ, ಪಾರ್ಸೆಲ್ಲೊಂದು. ಅವನು ಜೇಬಿಗೆ ಕೈ ಹಾಕುತ್ತಾನೆ. ಓನರ್ರು ಅರ್ಧ ಎದ್ದು ಅವನ ಕೈ ಹಿಡಿದೇಬಿಡುತ್ತಾರೆ: ‘ಏಯ್, ತೆಗಿಯೋ ಕೈನ! ನನ್ ಅಂಗಡೀಲಿ ನೀನು ದುಡ್ಡು ಕೊಡೋದಾ?’ ಹಿಂದೆ ಟೋಕನ್ನಿಗೆ ನಿಂತ ಏಳು ಜನಕ್ಕೂ ಈ ಔದಾರ್ಯ ಕೇಳಿಸುತ್ತದೆ. ಅವರಲ್ಲಿ ಇಬ್ಬರು ತಮಗೂ ಓನರ್ರ ಪರಿಚಯ ಇದೆಯೇ ಎಂದು ಯೋಚಿಸತೊಡಗುತ್ತಾರೆ. ಸಂಜೆ ಮನೆಗೆ ಹೊರಡುವಾಗ ಗಲ್ಲಾದಿಂದ ಐನೂರು ತೆಗೆದು ತರಕಾರಿಗೆ, ಸಾವಿರ ತೆಗೆದು ಮಗಳ ಟ್ಯೂಷನ್ನಿಗೆ. ಬರೆದಿಡುವ ಅಭ್ಯಾಸವಿಲ್ಲ. ತಮ್ಮದೇ ದುಡ್ಡನ್ನು ತಾವು ತೆಗೆದದ್ದಕ್ಕೆ ಲೆಕ್ಕ ಯಾಕೆ?

ಲೆಕ್ಕ ಅವರು ಹಾಕುವುದೇ ಇಲ್ಲ ಎಂದಲ್ಲ. ಅಂಗಡಿ ತೆರೆಯುವ ಮೊದಲು ಒಂದು ಸಲ ಹಾಕುತ್ತಾರೆ, ಮದುವೆ ಕರೆಯೋಲೆಯ ಹಿಂಬದಿಯಲ್ಲಿ. ದಿನಕ್ಕೆ ಮುನ್ನೂರು ಟೀ, ಒಂದಕ್ಕೆ ಹದಿನೈದು ರೂಪಾಯಿಯಂತೆ ನಾಲ್ಕೂವರೆ ಸಾವಿರ; ಮೂವತ್ತು ದಿನಕ್ಕೆ ಒಂದು ಲಕ್ಷದ ಮೂವತ್ತೈದು ಸಾವಿರ. ಹಾಲು, ಸಕ್ಕರೆ, ಟೀಪುಡಿ, ಬಾಡಿಗೆ ಕಳೆದು ಕೆಳಗೆ ಎರಡು ಗೆರೆ. ಆ ಲೆಕ್ಕದ ತಿಂಗಳಿನಲ್ಲಿ ಮಳೆ ಬರುವುದಿಲ್ಲ, ಭಾನುವಾರ ಇರುವುದಿಲ್ಲ, ಯಾರೂ ಊರಿಗೆ ಹೋಗುವುದಿಲ್ಲ. ವಾಣಿಜ್ಯ ಮೀಟರಿನ ಕರೆಂಟು ಬಿಲ್ಲು, ಹತ್ತೊಂಬತ್ತು ಕೆಜಿ ಸಿಲಿಂಡರು, ಅಡ್ವಾನ್ಸಿಗೆ ತಂದ ಸಾಲದ ಬಡ್ಡಿ, ಹಳೇ ಬಾಡಿಗೆದಾರನಿಗೆ ಕೊಟ್ಟ ಗುಡ್‌ವಿಲ್ಲು, ಯಾವುದಕ್ಕೂ ಆ ಕಾರ್ಡಿನಲ್ಲಿ ಜಾಗ ಸಾಲದು. ವಧುವಿನ ಹೆಸರು ಅಡ್ಡ ಬರುತ್ತದೆ. ಮುಖ್ಯವಾಗಿ, ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ದುಡಿಯುವ ಓನರ್ ಎಂಬ ನೌಕರನಿಗೆ ಅಲ್ಲಿ ಸಂಬಳವೇ ಇಲ್ಲ.

ದರ್ಶಿನಿ ಮುಚ್ಚಿದ್ದಕ್ಕೆ ಓನರ್ರು ಇಂದಿಗೂ ಕೊಡುವ ಕಾರಣ ಲಾಕ್‌ಡೌನ್. ದೇಶದಲ್ಲಿ ಲಾಕ್‌ಡೌನ್ ಶುರುವಾದದ್ದು 2020ರ ಮಾರ್ಚ್ 25ಕ್ಕೆ. ದರ್ಶಿನಿಯ ಶಟರು ಇಳಿದದ್ದು ಆ ವರ್ಷದ ಸಂಕ್ರಾಂತಿಗೆ. ‘ಇಳಿಸದೇ ಇದ್ದಿದ್ರೆ ಮಾರ್ಚಲ್ಲಿ ಇಳಿಸಬೇಕಾಗ್ತಿತ್ತಲ್ಲ’ ಎನ್ನುವ ಅವರ ವಾದವನ್ನು ಈವರೆಗೆ ಯಾರೂ ಗೆದ್ದಿಲ್ಲ. ಆಗ ನಿಜಕ್ಕೂ ನಡೆಯುತ್ತಿದ್ದ, ನಾಲ್ಕು ಕಾಸು ಉಳಿಸುತ್ತಿದ್ದ ಎಷ್ಟೋ ಹೋಟೆಲುಗಳು ಆ ಬೇಸಿಗೆಯಲ್ಲಿ ನೆಲಕಚ್ಚಿದವು. ಅವುಗಳ ಸಾಲಿನಲ್ಲಿ ಓನರ್ರೂ ಹೋಗಿ ನಿಂತದ್ದು ಮಾತ್ರ ಕೊಂಚ ಅನ್ಯಾಯ.

ಆಮೇಲೆ ಕ್ಲೌಡ್ ಕಿಚನ್. ಪಾಠ: ‘ಗಿರಾಕಿ ಬಂದು ಕೂರೋ ಜಾಗಕ್ಕೆ ಬಾಡಿಗೆ ಕಟ್ಟಬಾರ್ದು.’ ಕುರ್ಚಿ ಇಲ್ಲ, ಬೋರ್ಡಿಲ್ಲ, ಮನೆ ಹಿಂದಿನ ಶೆಡ್ಡಿನಲ್ಲಿ ಬಿರಿಯಾನಿ. ಡೆಲಿವರಿ ಆ್ಯಪಿನ ಕಮಿಷನ್ನು, ಆ್ಯಪಿನಲ್ಲಿ ಮೇಲೆ ಕಾಣಲು ಕೊಡುವ ಜಾಹೀರಾತಿನ ದುಡ್ಡು, ಡಬ್ಬಿ, ಅರ್ಧ ಬೆಲೆಯ ಆಫರು ಎಲ್ಲ ಕಳೆದರೆ ಒಂದೊಂದು ಆರ್ಡರಿಗೂ ಕೈಯಿಂದಲೇ ಹೋಗುತ್ತಿತ್ತು. ಐವತ್ತು ಆರ್ಡರು ಬಂದ ದಿನ ಮನೆಮಂದಿಗೆಲ್ಲ ಐಸ್‌ಕ್ರೀಮು. ನೂರು ಬಂದ ದಿನ ಹೆಂಡತಿಯ ಬಳೆ ಬ್ಯಾಂಕಿಗೆ. ಅದಾದ ಮೇಲೆ ಟೀ ಫ್ರಾಂಚೈಸಿ. ಅದರ ಕಥೆ ಸ್ಟೂಲುಗಳೇ ಹೇಳುತ್ತವೆ, ಬಿಡಿ.

ಇವೆಲ್ಲವನ್ನೂ ಓನರ್ರಿಗಿಂತ ಮೊದಲೇ ತಿಳಿದುಕೊಳ್ಳುತ್ತಿದ್ದವರು ಒಬ್ಬರಿದ್ದರು: ಪಿಗ್ಮಿಯವರು. ದಿನಾ ಅಂಗಡಿ ಬಾಗಿಲಿಗೆ ಬಂದು ಚಿಲ್ಲರೆ ಕಾಸು ಕಟ್ಟಿಸಿಕೊಳ್ಳುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ಶುರು ಮಾಡಿದ್ದು ಟಿ.ಎಂ.ಎ. ಪೈ ಮತ್ತು ಅವರ ಜೊತೆಗಾರರು ಉಡುಪಿಯಲ್ಲಿ ಕಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡದ್ದು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಮಾತ್ರ ಸಹಕಾರ ಸಂಘಗಳ ಕೈಯಲ್ಲಿ ಬೀದಿಬೀದಿಯಲ್ಲೂ ಉಳಿದಿದೆ. ಪಿಗ್ಮಿಯವರಿಗೆ ಯಾರೂ ಬ್ಯಾಲೆನ್ಸ್ ಶೀಟು ತೋರಿಸಬೇಕಿಲ್ಲ. ದಿನಕ್ಕೆ ಇನ್ನೂರು ಕಟ್ಟುವವರು ನೂರಕ್ಕಿಳಿದರೆ ಒಂದು ಸೂಚನೆ. ‘ಎರಡು ದಿನದ್ದು ಒಟ್ಟಿಗೆ ಕೊಡ್ತೀನಿ’ ಅಂದರೆ ಇನ್ನೊಂದು. ಅವರನ್ನು ದೂರದಿಂದ ಕಂಡ ಕೂಡಲೇ ಓನರ್ರು ಫೋನನ್ನು ಕಿವಿಗಿಟ್ಟು ಅಡುಗೆಮನೆ ಕಡೆ ತಿರುಗಿದರೆ, ಇನ್ನು ಮೂರು ತಿಂಗಳು. ಪಿಗ್ಮಿಯವರ ಅಂದಾಜು ತಪ್ಪಿದ್ದು ಕಡಿಮೆ.

ಈ ನಡುವೆ ಓನರ್ರಿಗೆ ಹೊಸದೊಂದು ಬೇಡಿಕೆ ಬಂದಿದೆ. ಕಾಲೇಜುಗಳಲ್ಲಿ ಉದ್ಯಮಶೀಲತೆಯ ಕಾರ್ಯಕ್ರಮ ಇಟ್ಟರೆ ಗೆದ್ದವರು ಸಿಗುವುದಿಲ್ಲ, ಅವರಿಗೆ ಅಂಗಡಿ ಇರುತ್ತದೆ. ಓನರ್ರಿಗೆ ಪುರುಸೊತ್ತಿದೆ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಮಾತಿನಲ್ಲಿ ಎಂಟಿಆರ್ ಕಥೆ ಬಂದೇ ಬರುತ್ತದೆ. ಎರಡನೇ ಮಹಾಯುದ್ಧದ ಕಾಲಕ್ಕೆ ಅಕ್ಕಿ ಸಿಗದೆ ಅಲ್ಲಿ ರವೆ ಇಡ್ಲಿ ಹುಟ್ಟಿದ್ದು, ತುರ್ತುಪರಿಸ್ಥಿತಿಯಲ್ಲಿ ತಿಂಡಿಗೆ ಸರ್ಕಾರ ಗೊತ್ತುಮಾಡಿದ ದರ ಗಿಟ್ಟದೆ ಹೋಟೆಲು ಮುಚ್ಚಿ, ಸಿದ್ಧ ಮಿಶ್ರಣಗಳ ವ್ಯಾಪಾರ ಬೆಳೆದದ್ದು, 2007ರಲ್ಲಿ ಆ ಪೊಟ್ಟಣದ ವ್ಯಾಪಾರವನ್ನು ನಾರ್ವೆಯ ಓರ್ಕ್ಲಾ ಕಂಪನಿ ಕೊಂಡದ್ದು. ಇಷ್ಟನ್ನೂ ಓನರ್ರು ಸರಿಯಾಗಿಯೇ ಹೇಳುತ್ತಾರೆ. ಎಡವುವುದು ಮುಂದಿನ ವಾಕ್ಯದಲ್ಲಿ: ‘ನೋಡಿ ಮಕ್ಕಳೇ, ಮುಚ್ಚಿದ್ದಕ್ಕೇ ಬೆಳೆದ್ರು!’ ಆ ದರಕ್ಕೆ ಕೊಟ್ಟರೆ ಗಿಟ್ಟುವುದಿಲ್ಲ ಎಂಬುದು ಆ ಮನೆಯವರಿಗೆ ಗೊತ್ತಿತ್ತಲ್ಲ, ಅದು ಕಥೆಯ ತಿರುಳು. ಓನರ್ರ ಭಾಷಣದಲ್ಲಿ ಅದು ಸೋಸಿಹೋಗಿರುತ್ತದೆ.

ಒಂದು ಕಾಲೇಜಿನಲ್ಲಿ ಕೊನೇ ಬೆಂಚಿನ ಬಿಕಾಂ ಹುಡುಗಿಯೊಬ್ಬಳು ಎದ್ದು ಕೇಳಿದಳು: ‘ಸರ್, ನಿಮ್ಮ ದರ್ಶಿನೀಲಿ ಒಂದು ಪ್ಲೇಟ್ ಇಡ್ಲಿಗೆ ನಿಮಗೆ ಎಷ್ಟು ಬೀಳ್ತಿತ್ತು?’ ಓನರ್ರು ನಕ್ಕು, ಒಳ್ಳೆಯ ಪ್ರಶ್ನೆ ಎಂದು ಹೊಗಳಿ, ಛಲದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಹುಡುಗಿ ನಿಂತೇ ಇದ್ದಳು. ವಂದನಾರ್ಪಣೆಯವರು ಮೈಕು ತಗೊಂಡರು.

ಓನರ್ರ ಆತ್ಮವಿಶ್ವಾಸಕ್ಕೆ ನಿಜವಾದ ಪೆಟ್ಟು ಬಿದ್ದದ್ದು ಯಾವ ಅಂಗಡಿ ಮುಚ್ಚಿದಾಗಲೂ ಅಲ್ಲ, 2025ರ ಜುಲೈನಲ್ಲಿ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸು, ಟೀ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರದ್ದು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತುಹಾಕಿ ‘ನೋ ಯುಪಿಐ, ಕ್ಯಾಶ್ ಮಾತ್ರ’ ಎಂಬ ಚೀಟಿ ಅಂಟಿಸಿದರು. ಬಂದ್ ಮಾಡುವ ಮಾತಾಯಿತು. ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ನೋಂದಣಿ ಮಾಡಿಸಿ ಎಂದು ಮುಖ್ಯಮಂತ್ರಿ ಹೇಳಿದ ಮೇಲೆ ತಣ್ಣಗಾಯಿತು. ಓನರ್ರು ಆ ದಿನಗಳಲ್ಲಿ ದಿನಾ ಪೋಸ್ಟ್‌ಮ್ಯಾನ್ ದಾರಿ ಕಾದರು. ವಕೀಲರೊಬ್ಬರನ್ನೂ ಕೇಳಿಟ್ಟಿದ್ದರು. ನೋಟಿಸು ಬರಲಿಲ್ಲ.

ಬಂದದ್ದು ಕ್ರಾಸಿನ ಕಾಂಡಿಮೆಂಟ್ಸಿಗೆ. ಕುಂದಾಪುರ ಕಡೆಯವರು, ಹತ್ತಡಿ ಅಗಲದ ಅಂಗಡಿ. ‘ನೀವು ದೊಡ್ಡದಾಗಿ ಯೋಚ್ನೆ ಮಾಡ್ಬೇಕ್ರಿ’ ಎಂದು ಓನರ್ರು ಅವರಿಗೆ ವರ್ಷಗಟ್ಟಲೆ ಬುದ್ಧಿ ಹೇಳುತ್ತಾ ಬಂದಿದ್ದರು, ಅವರದೇ ಟೀ ಕುಡಿಯುತ್ತಾ.

ಆ ಸಂಜೆ ಓನರ್ರು ನೋಟಿಸನ್ನು ಕೈಗೆ ತಗೊಂಡು ಎರಡು ಸಲ ಓದಿದರು. ‘40 ಲಕ್ಷ ದಾಟಿದ್ಯಾ! ನಿಮ್ದಾ!’ ದನಿಯಲ್ಲಿ ಸಹಾನುಭೂತಿಗಿಂತ ಹೊಟ್ಟೆಯುರಿ ಜಾಸ್ತಿ ಇತ್ತು. ಕಾಂಡಿಮೆಂಟ್ಸಿನವರು ಏನೂ ಹೇಳದೆ ನೂರು ಪುಟದ ಉದ್ದ ನೋಟ್‌ಬುಕ್ ತೆಗೆದು ಆ ದಿನದ್ದು ಬರೆಯುತ್ತಿದ್ದರು: ಹಾಲು ಇಷ್ಟು ಲೀಟರು, ಟೀ ಇಷ್ಟು ಲೋಟ, ಒಡೆದ ಗ್ಲಾಸು ಒಂದು, ಉಳಿದ ಪಫ್ ನಾಲ್ಕು. ಕೆಳಗೊಂದು ಟಿಪ್ಪಣಿ, ಶ್ರಾವಣ ಸೋಮವಾರ ಎಗ್ ಪಫ್ ಅರ್ಧ ತರಿಸಬೇಕು. ಆ ವರ್ಷ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ ನಾಲ್ಕು ರೂಪಾಯಿ ಏರಿದ ದಿನದ ಪುಟದಲ್ಲಿ ಒಂದು ಲೋಟ ಟೀಗೆ ಎಷ್ಟು ಪೈಸೆ ಹೆಚ್ಚು ಬಿತ್ತು ಎಂಬುದೂ ಇತ್ತು. ಓನರ್ರು ಪುಟ ತಿರುವಿದರು. ಬಹಳ ಹೊತ್ತು ನೋಡಿದರು. ಪಿಗ್ಮಿಯವರು ಅಲ್ಲೇ ಬಿಸ್ಕತ್ತು ಅದ್ದಿಕೊಂಡು ಟೀ ಕುಡಿಯುತ್ತಿದ್ದರು. ಇಷ್ಟು ವರ್ಷದಲ್ಲಿ ಓನರ್ರು ಬೇರೆಯವರ ಲೆಕ್ಕದ ಪುಸ್ತಕವನ್ನು ಇಷ್ಟು ಹೊತ್ತು ನೋಡಿದ್ದನ್ನು ಅವರು ಕಂಡಿರಲಿಲ್ಲ. ಒಂದು ಕ್ಷಣ ಆಸೆಯೂ ಆಯಿತೇನೋ.

‘ಗೊತ್ತಾಯ್ತು ಬಿಡಿ’ ಎಂದು ಓನರ್ರು ಪುಸ್ತಕ ಮುಚ್ಚಿದರು. ‘ಹೋಟ್ಲಲ್ಲಿ ಏನಿಲ್ಲ ರೀ. ಇರೋದೆಲ್ಲ ಕಾಂಡಿಮೆಂಟ್ಸಲ್ಲೇ. ಆ ಎದುರುಗಡೆ ಮಳಿಗೆ ಖಾಲಿ ಇದೆಯಲ್ಲ, ಅಡ್ವಾನ್ಸ್ ಎಷ್ಟು ಹೇಳ್ತಿದಾರಂತೆ?’

ಪಿಗ್ಮಿಯವರು ಲೋಟ ಕೆಳಗಿಟ್ಟು, ಬ್ಯಾಗಿನಿಂದ ಹೊಸ ಖಾತೆಯ ಅರ್ಜಿಯೊಂದನ್ನು ತೆಗೆದು, ಪೆನ್ನಿನ ಟೋಪಿ ಬಿಚ್ಚಿ ಕೇಳಿದರು: ‘ಈ ಸಲ ಅಂಗಡಿ ಹೆಸರು ಏನಂತ ಬರ್ಕೊಳ್ಲಿ ಸರ್?’