ರಿಪೇರಿಯಾದ ಎಂಜಿನ್ನು

ಕೆಟ್ಟ ಎಂಜಿನ್ನು ಮರ್ಯಾದಸ್ಥ. ಕೆಮ್ಮಿ, ಕರಿ ಹೊಗೆ ಉಗುಳಿ ಮುಂಚೆಯೇ ಸೂಚನೆ ಕೊಡುತ್ತದೆ. ನಂಬಬಾರದ್ದು ರಿಪೇರಿಯಾದ ಎಂಜಿನ್ನನ್ನು. ಜಮಖಂಡಿ ಕಡೆ ಹೊಳೆದಂಡೆಯ ನಮ್ಮ ಪಂಪಿನ ಎಂಜಿನ್ನು ಕುಂಟುತ್ತಲಾದರೂ ಕಬ್ಬಿಗೆ ನೀರೆತ್ತುತ್ತಿತ್ತು. ಹೊಸ ರಿಂಗು, ಹೊಸ ಫಿಲ್ಟರು ಹಾಕಿಸಿಕೊಂಡ ಮೇಲೆ ಮೌನವ್ರತ ಹಿಡಿಯಿತು. “ಮುಂಜಾನಿ ಒಂದ್ ಹ್ಯಾಂಡಲ್ ಹೊಡೀರಿ, ಚಾಲೂ ಆಕ್ಕೈತಿ” ಎಂದು ರೊಕ್ಕ ಎಣಿಸಿಕೊಂಡು ಹೋದ ಮಿಸ್ತ್ರಿಯ ಫೋನು ಸ್ವಿಚ್ ಆಫ್.

ರೈತರೇ ವಂತಿಗೆ ಹಾಕಿ, ಮೈಮುರಿದು 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ಸೀಮೆಯಿದು. ಒಬ್ಬರ ಕಷ್ಟಕ್ಕೆ ಹತ್ತು ಜನ ಕೂಡದೆ ಬಿಡುವುದಿಲ್ಲ. ಟ್ರ್ಯಾಕ್ಟರ್ ಇಟ್ಟಿರುವ ಮುಧೋಳದ ಮಾವ, “ಬ್ಯಾಟರಿ ಇಳದಿರಬೇಕು ನೋಡ್ರಿ” ಎಂದರು. ಹ್ಯಾಂಡಲ್ ಎಂಜಿನ್ನಿಗೆ ಬ್ಯಾಟರಿಯೇ ಇಲ್ಲವೆಂದು ಮಾವನಿಗೆ ಹೇಳುವವರಾರು? ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುವ ಷಡ್ಡಕರಿಗೆ ಜಗತ್ತಿನ ರೋಗವೆಲ್ಲ ಒಂದೇ: “ಬೆಲ್ಟ್ ಸಡ್ಲಾಗೈತಿ.” ಬೀಳಗಿಯ ಬೀಗರು ಎಂಜಿನ್ನಿಗೆ ಪ್ರದಕ್ಷಿಣೆ ಹಾಕಿ, “ಡೀಸೆಲ್ ಐತೇನ್ರಿ?” ಎಂದು ಕೇಳಿದರು. ಬೀಗರಾದ್ದರಿಂದ ನಗುವಂತಿರಲಿಲ್ಲ. ನಿಜಕ್ಕೆ ಹತ್ತಿರ ಹೋದವರು ಅವರೊಬ್ಬರೇ ಎಂಬುದು ಆಮೇಲೆ ತಿಳಿಯಿತು.

ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ನು ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಅದುಮಿದಾಗ ಅದು 500 ಡಿಗ್ರಿ ದಾಟಿ ಕಾಯುತ್ತದೆ. ಆಗ ನಾಜಲ್ ಸಿಂಪಡಿಸಿದ ಡೀಸೆಲ್ಲು ತಾನೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಇದನ್ನು ಓಡಿಸಿ ತೋರಿಸಿದ, 1913ರಲ್ಲಿ ಹಡಗಿನಿಂದ ಕಾಣೆಯಾದ. (ಹ್ಯಾಂಡಲ್ ಹೊಡೆದು ಹೊಡೆದು ರಟ್ಟೆ ಸೋತವರ ಕೈಗೆ ಸಿಗದಿದ್ದುದೇ ಒಳ್ಳೆಯದಾಯಿತು.) ಸಿಲಿಂಡರಿಗೆ ಬೇಕೇ ಬೇಕಾದ ಈ ಗಾಳಿ ಡೀಸೆಲ್ ಪೈಪಿನಲ್ಲಿ ಮಾತ್ರ ಕೂಡದು. ಹೊಕ್ಕರೆ ಪಂಪು ಆ ಗಾಳಿಯನ್ನೇ ಅದುಮುತ್ತ ಕೂಡುತ್ತದೆ, ನಾಜಲ್ ಬಾಯಿ ಬಿಡುವುದಿಲ್ಲ.

ಬಾಜೂ ಹೊಲದ ಹುಡುಗ ಬಂದು, “ಕಾಕಾ, ಏರ್ ತಗದೀರೇನ್ರಿ?” ಎಂದ. ಯಾರೂ ತೆಗೆದಿರಲಿಲ್ಲ. ಪಾನಾ ಹಿಡಿದು ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿದ. ಬುಸ್ಸೆಂದು ನೊರೆ ಬಂತು, ಗುಳ್ಳೆ ಬಂತು, ಕೊನೆಗೆ ಡೀಸೆಲ್ಲು ಎಡೆಬಿಡದೆ ಇಳಿಯಿತು. ಸ್ಕ್ರೂ ಬಿಗಿದು, ನಾಜಲ್ ಪೈಪಿನ ನಟ್ಟು ಸಡಿಲಿಸಿ ಹ್ಯಾಂಡಲ್ ತಿರುವಿಸಿದ. ಅಲ್ಲೂ ಡೀಸೆಲ್ಲು ಚಿಮ್ಮಿದ ಮೇಲೆ ಬಿಗಿದ. ವಾಲ್ವಿನ ಲಿವರ್ ಎತ್ತಿ ಜೋರು ತಿರುಗಿಸಿ ಕೈಬಿಟ್ಟದ್ದೇ ತಡ, ಡುಗ್... ಡುಗ್ ಡುಗ್ ಡುಗ್!

“ನೋಡ್ರಿ, ಬ್ಯಾಟರಿ ಚಾರ್ಜ್ ಆತು” ಎಂದರು ಮಾವ.

ಓದುಗರಲ್ಲಿ ಒಂದು ವಿನಂತಿ: ಮಿಸ್ತ್ರಿಗೆ ಚಹಾ ಕೊಡಿ, ಚುರಮುರಿ ಕೊಡಿ, ರೊಕ್ಕ ಮಾತ್ರ ಎಂಜಿನ್ನು ಚಾಲೂ ಆದ ಮೇಲೆ ಕೊಡಿ.