ಮಹಾನಗರ ಮುಳುಗಿಸುವ ಕಿಟ್: ಬಳಸುವ ಮುನ್ನ ಓದಿಕೊಳ್ಳಿ

ನಮ್ಮ ‘ಪ್ರಳಯ ಕಿಟ್’ ಕೊಂಡಿದ್ದಕ್ಕೆ ಅಭಿನಂದನೆಗಳು. ಇದು ಕೈಯಲ್ಲಿದ್ದರೆ ಯಾವ ಮಹಾನಗರವನ್ನಾದರೂ ಸರಿ, ಸುಮಾರು ಎರಡು ಗಂಟೆಯಲ್ಲಿ ಮುಳುಗಿಸಬಹುದು, ಹೆಪ್ಪುಗಟ್ಟಿಸಬಹುದು ಅಥವಾ ಸುಂಟರಗಾಳಿಯ ಬಾಯಿಗೆ ಹಾಕಿ ಕೈತೊಳೆದುಕೊಳ್ಳಬಹುದು. ಜೋಡಿಸುವ ಕ್ರಮ ವಿವರಿಸಲು ರೋಲೆಂಡ್ ಎಮೆರಿಕ್ ಅವರ 2004ರ ‘ದಿ ಡೇ ಆಫ್ಟರ್ ಟುಮಾರೋ’ ಚಿತ್ರವನ್ನು ಮಾದರಿಯಾಗಿ ಇಟ್ಟುಕೊಂಡಿದ್ದೇವೆ. ಮಾದರಿ ಹಳತು, ಆದರೆ ಅದರ ಬಿಡಿಭಾಗಗಳು ಈಗಲೂ ಎಲ್ಲ ಕಡೆ ಸಿಗುತ್ತವೆ.

ಊರು ಆರಿಸುವುದು

ಕಣ್ಣು ಮುಚ್ಚಿ ನ್ಯೂಯಾರ್ಕ್ ಆರಿಸಿ. ಇದು ಇವತ್ತಿನ ರೂಢಿಯಲ್ಲ. ಎಸ್. ಫೌಲರ್ ರೈಟ್ ಬರೆದ ‘ಡೆಲ್ಯೂಜ್’ ಕಾದಂಬರಿಯಲ್ಲಿ ಮುಳುಗಿದ್ದು ಇಂಗ್ಲೆಂಡ್. 1933ರಲ್ಲಿ ಅದನ್ನು ಸಿನಿಮಾ ಮಾಡಿದವರು ಪ್ರಳಯವನ್ನು ಸದ್ದಿಲ್ಲದೆ ನ್ಯೂಯಾರ್ಕಿಗೆ ವರ್ಗ ಮಾಡಿಸಿಕೊಂಡರು. ಕಾರಣ ಸರಳ: ನೀರು ಎಷ್ಟು ಬಂತೆಂದು ಪ್ರೇಕ್ಷಕನಿಗೆ ತಿಳಿಯಲು ಒಂದು ಅಳತೆಗೋಲು ಬೇಕು. ಪೀಠವೂ ಸೇರಿ ಸುಮಾರು 93 ಮೀಟರ್ ಎತ್ತರದ ಲಿಬರ್ಟಿ ಪ್ರತಿಮೆ ಆ ಕೆಲಸಕ್ಕೆಂದೇ ನಿಂತಂತಿದೆ. ಅದರ ಮೈಮೇಲೆ ಅಲೆ ಹತ್ತಿಸಿದರೆ ಸಂಭಾಷಣೆಯ ಖರ್ಚು ಉಳಿಯಿತು. ಚಿತ್ರೀಕರಣಕ್ಕೆ ಆ ಊರಿಗೇ ಹೋಗಬೇಕೆಂದಿಲ್ಲ. ಎಮೆರಿಕ್ ಬಹುಪಾಲು ಕೆಲಸವನ್ನು ಮಾಂಟ್ರಿಯಲ್‌ನಲ್ಲಿ ಮುಗಿಸಿದರು.

ಭಾರತೀಯ ಗ್ರಾಹಕರ ಗಮನಕ್ಕೆ: ಮುಂಬೈಯನ್ನೂ ಬಳಸಬಹುದು. 2017ರ ‘ಜಿಯೋಸ್ಟಾರ್ಮ್’ ಅಲ್ಲಿಗೆ ಸುಂಟರಗಾಳಿ ನುಗ್ಗಿಸಿತ್ತು. ಆದರೆ ಆ ಊರಿನ ಸ್ವಂತ ಮಳೆಯನ್ನು ಮಾತ್ರ ನಂಬಿ ಕೂರಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಸುರಿಯಿತು. ಅದೇ ಹೊತ್ತಿನಲ್ಲಿ ಕೊಲಾಬಾದಲ್ಲಿ ಬಿದ್ದದ್ದು ಬರೀ 73. ಅಳತೆಗೋಲಾಗಬೇಕಾದ ಗೇಟ್‌ವೇ ಆಫ್ ಇಂಡಿಯಾ ಇರುವುದು ಕೊಲಾಬಾದಲ್ಲಿ. ನಿರ್ದೇಶಕರ ಮಾತು ಕೇಳುವ ಮಳೆ ಹೀಗೆ ವಿಳಾಸ ತಪ್ಪುತ್ತಿರಲಿಲ್ಲ.

ವಿಜ್ಞಾನಿಯನ್ನು ಅಳವಡಿಸುವುದು

ಪೆಟ್ಟಿಗೆಯಲ್ಲಿ ಒಬ್ಬನೇ ಒಬ್ಬ ವಿಜ್ಞಾನಿ ಇದ್ದಾನೆ. ಮನೆಯವರಿಗೆ ಸಮಯ ಕೊಡದವನು, ಸರ್ಕಾರ ಕಿವಿಗೆ ಹಾಕಿಕೊಳ್ಳದವನು. ಮಾದರಿಯಲ್ಲಿ ಅವನ ಹೆಸರು ಜ್ಯಾಕ್ ಹಾಲ್, ನಟ ಡೆನಿಸ್ ಕ್ವೇಡ್. ದೆಹಲಿಯ ಸಮ್ಮೇಳನದಲ್ಲಿ ಅವನು ಎಚ್ಚರಿಸುವಾಗ ಅಮೆರಿಕದ ಉಪಾಧ್ಯಕ್ಷರು ಖರ್ಚಿನ ಮಾತೆತ್ತಬೇಕು. ಹೊರಗೆ ದೆಹಲಿಯ ಬೀದಿಯಲ್ಲಿ ಹಿಮ ಬೀಳುತ್ತಿರಬೇಕು. ಅಷ್ಟಾದರೂ ಅವರಿಗೆ ಅನುಮಾನ ಬರಕೂಡದು.

ಗಡಿಯಾರ ತಿರುಗಿಸುವುದು

ಇಲ್ಲಿ ಸ್ವಲ್ಪ ಬಲ ಹಾಕಬೇಕಾಗುತ್ತದೆ. ಸಾಗರ ಪ್ರವಾಹ ಕುಸಿದು ಚಳಿ ಅಪ್ಪಳಿಸುತ್ತದೆ ಎಂಬ ಕಥೆಯ ಬೀಜ ಸುಳ್ಳಲ್ಲ. ಅಟ್ಲಾಂಟಿಕ್‌ನಲ್ಲಿ ಬೆಚ್ಚಗಿನ ನೀರು ಉತ್ತರಕ್ಕೆ ಹರಿದು, ತಣ್ಣಗಾಗಿ, ಭಾರವಾಗಿ ಮುಳುಗಿ, ತಳದಲ್ಲಿ ದಕ್ಷಿಣಕ್ಕೆ ಮರಳುತ್ತದೆ. ಕರಗಿದ ಹಿಮದ ಸಿಹಿನೀರು ಉಪ್ಪುನೀರಿಗಿಂತ ಹಗುರ. ಅದು ಬಂದು ಬೆರೆತಷ್ಟೂ ಮುಳುಗುವ ಆಟ ನಿಧಾನವಾಗುತ್ತದೆ. ಈ ಶತಮಾನದಲ್ಲಿ ಈ ಪ್ರವಾಹ ದುರ್ಬಲವಾಗುತ್ತದೆ ಎಂದೇ ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2021ರ ವರದಿಯೂ ಹೇಳುತ್ತದೆ. 2100ಕ್ಕೆ ಮುಂಚೆ ದಿಢೀರನೆ ಕುಸಿಯಲಾರದು ಎಂಬ ಮಾತನ್ನು ಮಧ್ಯಮ ಮಟ್ಟದ ವಿಶ್ವಾಸದಿಂದಷ್ಟೇ ಆಡುತ್ತದೆ. ಟಿಕೆಟ್ ಕೊಂಡವರನ್ನು 2100ರವರೆಗೆ ಕೂರಿಸುವುದು ಕಷ್ಟ. ಹಾಗಾಗಿ ಮುಳ್ಳನ್ನು ಕೆಲವು ದಿನಗಳಿಗೆ ತಿರುಗಿಸಿ, ಅಲುಗದಂತೆ ತಿರುಪು ಬಿಗಿಮಾಡಿ.

ಮುಂದಿನದು ಚಳಿ. ಮಾದರಿಯಲ್ಲಿ ವಾತಾವರಣದ ಮೇಲಿನ ಪದರದ ಕೊರೆಯುವ ಗಾಳಿ ಬಿರುಗಾಳಿಯ ಕಣ್ಣಿನೊಳಗಿಂದ ನೇರ ನೆಲಕ್ಕಿಳಿದು, ಹಾರುತ್ತಿರುವ ಹೆಲಿಕಾಪ್ಟರಿನ ಇಂಧನವನ್ನೂ ಹೆಪ್ಪುಗಟ್ಟಿಸುತ್ತದೆ. ಭೌತಶಾಸ್ತ್ರ ಓದಿದವರನ್ನು ಈ ಹೊತ್ತಿನಲ್ಲಿ ಕಾಫಿಗೆ ಕಳಿಸಿ. ಕೆಳಗಿಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಬಿಸಿಯಾಗುತ್ತದೆ. ಹತ್ತು ಕಿಲೋಮೀಟರ್ ಮೇಲೆ ಮೈನಸ್ 50 ಡಿಗ್ರಿ ಇದ್ದದ್ದು ದಾರಿಯಲ್ಲಿ ಯಾವುದರ ಜೊತೆಗೂ ಬೆರೆಯದೆ ಇಳಿದರೆ, ನೆಲ ಮುಟ್ಟುವಾಗ 50 ಡಿಗ್ರಿಯ ಆಸುಪಾಸು. ನ್ಯೂಯಾರ್ಕ್ ಜನ ಹೆಪ್ಪುಗಟ್ಟುವ ಬದಲು ರಾಯಚೂರಿನ ಮೇ ತಿಂಗಳನ್ನೂ ಮೀರಿಸಿದ ಸೆಕೆಯಲ್ಲಿ ಮಜ್ಜಿಗೆ ಹುಡುಕಿಕೊಂಡು ಹೋಗುತ್ತಿದ್ದರು. ಇದು ಟ್ರೇಲರಿಗೆ ಒಗ್ಗುವುದಿಲ್ಲ.

ಬಳಕೆದಾರರು ಆಗಾಗ ಕೇಳುವುದುಂಟು: ಇಂಥ ಚಳಿ ಬೆನ್ನಟ್ಟಿದರೆ ಏನು ಮಾಡುವುದು? ಬಾಗಿಲು ಹಾಕಿಕೊಳ್ಳಿ. ಮಾದರಿಯಲ್ಲಿ ಹಿಮ ಗೋಡೆ ಹಿಡಿದು ಚಟಚಟನೆ ಓಡಿಬರುತ್ತದೆ. ಜ್ಯಾಕ್‌ನ ಮಗ ಮತ್ತವನ ಗೆಳೆಯರು ನ್ಯೂಯಾರ್ಕಿನ ಗ್ರಂಥಾಲಯದ ಕೋಣೆಗೆ ನುಗ್ಗಿ ಕದ ಮುಚ್ಚಿ ಒಲೆಗೆ ಇನ್ನೊಂದಷ್ಟು ಪುಸ್ತಕ ತುಂಬುತ್ತಾರೆ. ಚಳಿ ಮರ್ಯಾದಸ್ಥರಂತೆ ಹೊಸಿಲಾಚೆ ನಿಲ್ಲುತ್ತದೆ. ಸುತ್ತ ಮರದ ಮೇಜು ಕುರ್ಚಿ ಎಷ್ಟೇ ಇರಲಿ, ಸುಡಬೇಕಾದ್ದು ಪುಸ್ತಕವನ್ನೇ. ನೀಟ್ಷೆಯನ್ನು ಸುಡಬಹುದೇ ಎಂದು ಜಗಳವಾಗುವಾಗ ತೆರಿಗೆ ಕಾನೂನಿನ ಸಂಪುಟಗಳು ಕಣ್ಣಿಗೆ ಬೀಳುವಂತೆ ನೋಡಿಕೊಳ್ಳಿ. ಚಿತ್ರಮಂದಿರ ಒಕ್ಕೊರಲಿನಿಂದ ನಗುವುದು ಇಲ್ಲಿಯೇ.

ನಾಯಕಿಗೆ ಗಾಯ ನಂಜಾಗಿದ್ದರೆ ಗಾಬರಿ ಬೇಡ. ರಷ್ಯದ ಹಡಗೊಂದು ತಾನಾಗಿ ಬೀದಿಯೊಳಕ್ಕೆ ತೇಲಿಬಂದು ಗ್ರಂಥಾಲಯದ ಎದುರೇ ನಿಲ್ಲುತ್ತದೆ. ಅದರಲ್ಲಿ ಪೆನಿಸಿಲಿನ್ ಇದೆ. ತೋಳಗಳೂ ಇವೆ. ಇತ್ತ ತಂದೆ ಜ್ಯಾಕ್ ಫಿಲಡೆಲ್ಫಿಯಾ ಕಡೆಯಿಂದ ಮಗನನ್ನು ಕಾಣಲು ಹಿಮದಲ್ಲಿ ನಡೆದೇ ಬರುತ್ತಿರಲಿ. ಎರಡು ಊರಿನ ನಡುವೆ ಸುಮಾರು 150 ಕಿಲೋಮೀಟರ್, ಅಷ್ಟು ದೂರಕ್ಕೆ ಒಬ್ಬ ಗೆಳೆಯನನ್ನು ಬಲಿ ಕೊಟ್ಟರೆ ಸಾಕು.

ಒಂದು ಭಾಗವನ್ನು ಮಾತ್ರ ದಯವಿಟ್ಟು ಕಳಚಬೇಡಿ. ಚಳಿಯಿಂದ ತಪ್ಪಿಸಿಕೊಳ್ಳಲು ಅಮೆರಿಕನ್ನರು ರಿಯೋ ಗ್ರಾಂಡೆ ದಾಟಿ ಮೆಕ್ಸಿಕೋಗೆ ಕದ್ದು ನುಗ್ಗುತ್ತಾರೆ. ಲ್ಯಾಟಿನ್ ಅಮೆರಿಕದ ಸಾಲ ಮನ್ನಾ ಆದಮೇಲೆ ಗಡಿ ತೆರೆಯುತ್ತದೆ. ಕೋಟಿಗಟ್ಟಲೆ ಡಾಲರಿನ ಅಲೆಗಿಂತ ಈ ಎರಡು ನಿಮಿಷ ಹೆಚ್ಚು ಚುರುಕಾಗಿದೆ, ಇದನ್ನು ಕಂಪನಿಯೇ ಒಪ್ಪಿಕೊಳ್ಳುತ್ತದೆ.

ಸಂಗ್ರಹಣೆ

ಮುಳುಗಿಸಿದ ಊರನ್ನು ಎಸೆಯಬೇಡಿ. ‘ಡೆಲ್ಯೂಜ್’ಗೆಂದು ಪುಟಾಣಿ ನ್ಯೂಯಾರ್ಕ್ ಕಟ್ಟಿ ಉರುಳಿಸಿದ ದೃಶ್ಯಗಳು ಮುಂದೆ 1949ರ ‘ಕಿಂಗ್ ಆಫ್ ದಿ ರಾಕೆಟ್ ಮೆನ್’ ಧಾರಾವಾಹಿಯಲ್ಲೂ ದುಡಿದವು.

ದೂರುಗಳು

ಒಬ್ಬ ಗ್ರಾಹಕರು ಹೀಗೆ ಬರೆದಿದ್ದಾರೆ: 2012ರ ಅಕ್ಟೋಬರ್ 29ರ ರಾತ್ರಿ, ಸ್ಯಾಂಡಿ ಚಂಡಮಾರುತದಲ್ಲಿ, ನ್ಯೂಯಾರ್ಕಿಗೆ ನಿಜವಾಗಿಯೂ ಸಮುದ್ರ ಬಂತು; ಆದರೆ ಕಿಟ್‌ನಲ್ಲಿ ತೋರಿಸಿದಂತೆ ಬರಲಿಲ್ಲ. ಪರಿಶೀಲಿಸಿದೆವು. ಹುಣ್ಣಿಮೆಯ ಭರತವೂ ಸೇರಿಕೊಂಡು ಬ್ಯಾಟರಿ ಎಂಬಲ್ಲಿ ನೀರು ಸುಮಾರು 14 ಅಡಿ ಏರಿದ್ದು ನಿಜ. ಅದು ಎದ್ದು ನಿಲ್ಲಲಿಲ್ಲ. ಮೆಟ್ರೋ ಮೆಟ್ಟಿಲಿಳಿದು, ಸುರಂಗಕ್ಕೆ ಹೋಗಿ, ನೆಲಮಾಳಿಗೆಗಳನ್ನು ಹುಡುಕಿ ತುಂಬಿತು. ಲಿಬರ್ಟಿ ಪ್ರತಿಮೆಗೆ ಏನೂ ಆಗಲಿಲ್ಲ. ಆದರೆ ದ್ವೀಪದ ವಿದ್ಯುತ್ ವ್ಯವಸ್ಥೆ ಹಾಳಾಗಿ ಅದು ಮತ್ತೆ ತೆರೆದದ್ದು 2013ರ ಜುಲೈ 4ರಂದು. ಊರಿನಲ್ಲಿ ಸತ್ತವರು 40ಕ್ಕೂ ಹೆಚ್ಚು. ಹಲವರು ಸ್ಟೇಟನ್ ಐಲೆಂಡಿನ ತಮ್ಮ ಮನೆಗಳಲ್ಲೇ ಮುಳುಗಿದರು.

ಎನ್‌ವೈಯು ಲಾಂಗೋನ್ ಆಸ್ಪತ್ರೆಯಲ್ಲಿ ಜನರೇಟರ್ ಕೈಕೊಟ್ಟಿತು. ಮುನ್ನೂರಕ್ಕೂ ಹೆಚ್ಚು ರೋಗಿಗಳನ್ನು ಸ್ಥಳಾಂತರಿಸಬೇಕಾಯಿತು. ಒಂಬತ್ತನೇ ಮಹಡಿಯಲ್ಲಿ ತೀವ್ರ ನಿಗಾದಲ್ಲಿದ್ದ ಹಸುಗೂಸುಗಳನ್ನು ನರ್ಸ್‌ಗಳು ಎದೆಗವಚಿಕೊಂಡು, ಉಸಿರಿನ ಚೀಲವನ್ನು ಕೈಯಲ್ಲೇ ಒತ್ತುತ್ತ, ಟಾರ್ಚ್ ಬೆಳಕಿನಲ್ಲಿ ಮೆಟ್ಟಿಲಿಳಿದರು. ಪಕ್ಕದ ಬೆಲ್ವ್ಯೂ ಆಸ್ಪತ್ರೆಯ ಜನರೇಟರ್‌ಗಳಿದ್ದದ್ದು ಹದಿಮೂರನೇ ಮಹಡಿಯಲ್ಲಿ. ಅವಕ್ಕೆ ಇಂಧನ ಏರಿಸುವ ಪಂಪು ನೆಲಮಾಳಿಗೆಯಲ್ಲಿ. ಪಂಪು ಮುಳುಗಿದ್ದರಿಂದ ಜನ ಮೆಟ್ಟಿಲ ಮೇಲೆ ಸಾಲಾಗಿ ನಿಂತು ಡೀಸೆಲ್ ಕ್ಯಾನುಗಳನ್ನು ಕೈಯಿಂದ ಕೈಗೆ ದಾಟಿಸಿದರು.

ದೂರನ್ನು ತಿರಸ್ಕರಿಸಲಾಗಿದೆ. ಕತ್ತಲೆಯ ಮೆಟ್ಟಿಲಿನಲ್ಲಿ ಕ್ಯಾಮೆರಾಗೆ ಏನೂ ಕಾಣುವುದಿಲ್ಲ. ಅಲೆ ಇಲ್ಲದ ಪ್ರಳಯಕ್ಕೆ ಪೋಸ್ಟರ್ ಮಾಡಲೂ ಆಗದು. ಗ್ರಾಹಕರು ಗಮನಿಸಬೇಕು: ಪಂಪು ಮತ್ತು ನೆಲಮಾಳಿಗೆ ಈ ಕಿಟ್‌ನಲ್ಲಿ ಸೇರಿಲ್ಲ. ಬಿಡಿಯಾಗಿಯೂ ಮಾರುವುದಿಲ್ಲ.