ಬೀಗರ ಕೆನ್ನೆ, ನನ್ನ ಕೆಂಪು ದೀಪ

ಗಂಡಸಿಗೆ ಐವತ್ತೈದು ದಾಟಿದ ಮೇಲೆ ಮುಖದ ಚಿಂತೆ ಇರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇರುತ್ತದೆ. ಬಾಯಿಬಿಟ್ಟು ಹೇಳುವ ಧೈರ್ಯ ಇರುವುದಿಲ್ಲ, ಅಷ್ಟೆ. ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಕೆನ್ನೆಯನ್ನು ಎರಡು ಬೆರಳಿನಿಂದ ಕಿವಿಯ ಕಡೆಗೆ ಎಳೆದು, ‘ಹಿಂದೆ ಹೀಗಿದ್ದೆನಲ್ಲ’ ಎಂದು ಕನ್ನಡಿ ನೋಡುವ ಕಾರ್ಯಕ್ರಮ ನಿಮ್ಮ ಮನೆಯಲ್ಲೂ ನಡೆಯುತ್ತದೆ. ‘ಒಳಗೇ ನಿದ್ದೆ ಹೋದ್ರಾ?’ ಎಂದು ಹೊರಗಿನಿಂದ ಬಾಗಿಲು ಬಡಿಯುವವರೂ ಇರುತ್ತಾರೆ. ನನಗೆ ಗೊತ್ತು.

ನನ್ನ ಸಂಕಟಕ್ಕೆ ಮೂಲ ನಮ್ಮ ಬೀಗರು. ಅಪ್ಪಟ ಸಜ್ಜನ. ಒಂದೇ ದೋಷ: ನನಗಿಂತ ಮೂರು ವರ್ಷ ದೊಡ್ಡವರಾಗಿದ್ದೂ ನನ್ನ ತಮ್ಮನ ಹಾಗೆ ಕಾಣುತ್ತಾರೆ. ಮಗಳ ನಿಶ್ಚಿತಾರ್ಥದ ದಿನ ಫೋಟೋಗ್ರಾಫರ್ ಹುಡುಗ ಅವರಿಗೆ, ‘ಸಾರ್, ಸ್ವಲ್ಪ ಮುಂದೆ ಬನ್ನಿ’ ಎಂದ. ನನಗೆ, ‘ಅಜ್ಜಾ, ನೀವು ಕುರ್ಚೀಲಿ ಕೂತ್ಕೊಳ್ಳಿ, ಸುಸ್ತಾಗತ್ತೆ’ ಎಂದ. ಅಷ್ಟಾದರೂ ನುಂಗಿಕೊಳ್ಳಬಹುದಿತ್ತು. ಆಲ್ಬಮ್ ಬಂದಾಗ ಅಮ್ಮ ಕನ್ನಡಕ ಏರಿಸಿಕೊಂಡು ನೋಡಿ, ‘ಅಯ್ಯೋ, ನಿಮ್ಮಪ್ಪನ ಫೋಟೋನೂ ಸೇರಿಸಿದಾರಲ್ಲೋ, ಪುಣ್ಯಾತ್ಮರು’ ಎಂದು ಕಣ್ಣೊರೆಸಿಕೊಂಡರು. ಅದು ನಾನು. ನಮ್ಮಪ್ಪ ತೀರಿಕೊಂಡಾಗ ಅವರಿಗೆ ಎಪ್ಪತ್ತೊಂಬತ್ತು.

ಮದುವೆ ಮಾಘದಲ್ಲಿ. ಅಷ್ಟರೊಳಗೆ ಏನಾದರೂ ಮಾಡಲೇಬೇಕಿತ್ತು. ಕಡಲೆಹಿಟ್ಟು, ಹಾಲಿನ ಕೆನೆ, ಮುಲ್ತಾನಿ ಮಿಟ್ಟಿ ಎಲ್ಲ ಹೆಂಡತಿಯ ಸುಪರ್ದಿಯಲ್ಲಿವೆ. ಒಂದು ಚಮಚ ಕಡಿಮೆಯಾದರೂ ಪಂಚಾಯಿತಿ ಸೇರುತ್ತದೆ. ಹೀಗಿರುವಾಗ ಒಂದು ರಾತ್ರಿ ಫೋನಿನಲ್ಲಿ ಆ ಜಾಹೀರಾತು ಬಂತು. ಯಾವಳೋ ಸುಂದರಿ ಸೋಫಾದಲ್ಲಿ ಒರಗಿದ್ದಾಳೆ, ಮುಖಕ್ಕೆ ಬಿಳೀ ರಬ್ಬರಿನ ಮುಖವಾಡ, ಅದರೊಳಗಿಂದ ಕೆಂಪು ಬೆಳಕು. ದಿನಕ್ಕೆ ಹತ್ತೇ ನಿಮಿಷ. ಎಣ್ಣೆ ಇಲ್ಲ, ಲೇಪ ಇಲ್ಲ, ಬರೀ ವಿಜ್ಞಾನ. ನಾನು ಬಿ.ಎಸ್ಸಿ. ಓದಿದವನು. ವಿಜ್ಞಾನ ಎಂದರೆ ಕೈ ತಾನಾಗಿ ಪರ್ಸಿಗೆ ಹೋಗುತ್ತದೆ.

ಸುಮ್ಮನೆ ಕೊಂಡೆ ಅಂದುಕೊಳ್ಳಬೇಡಿ. ಓದಿಯೇ ಕೊಂಡೆ. 630ರಿಂದ 660 ನ್ಯಾನೋಮೀಟರ್ ಅಲೆಯುದ್ದದ ಕೆಂಪು ಬೆಳಕು ಚರ್ಮದೊಳಕ್ಕೆ ಇಳಿಯುತ್ತದಂತೆ. ಜೀವಕೋಶಗಳ ಮೈಟೋಕಾಂಡ್ರಿಯಾಗಳು ಅದನ್ನು ಹೀರಿಕೊಂಡು ಚುರುಕಾಗುತ್ತವಂತೆ. ಕೊಲ್ಯಾಜನ್ ಹೆಚ್ಚಿ, ವಾರಗಟ್ಟಲೆ ಬಿಡದೆ ಬಳಸಿದರೆ ಸಣ್ಣ ಗೆರೆಗಳು ಸ್ವಲ್ಪ ತಗ್ಗಬಹುದಂತೆ. ‘ಸಣ್ಣ’, ‘ಸ್ವಲ್ಪ’, ‘ಬಹುದು’ ಎಂಬ ಮೂರನ್ನೂ ಕಣ್ಣು ಹಾರಿಸಿ ಓದಿತು. ಐವತ್ತೈದರ ಕಣ್ಣಿಗೆ ಆ ಒಂದು ಚಳಕ ಮಾತ್ರ ಇನ್ನೂ ಮಾಸಿಲ್ಲ.

ಪೆಟ್ಟಿಗೆ ಬಂದಾಗ ನಾನು ಮನೆಯಲ್ಲಿರಲಿಲ್ಲ. ಬರುವಷ್ಟರಲ್ಲಿ ಹೆಂಡತಿ ಅದನ್ನು ಬಿಚ್ಚಿ, ಊಟದ ಮೇಜಿನ ಮೇಲೆ ತರಕಾರಿ ಬುಟ್ಟಿಗೆ ಒರಗಿಸಿ ಇಟ್ಟಿದ್ದಳು. ಕಣ್ಣಿಗೆರಡು ತೂತು, ಮೂಗಿಗೊಂದು, ಬಾಯಿಗೊಂದು. ಬುಟ್ಟಿಯೊಳಗಿನ ಬದನೆಕಾಯಿಗಳ ಜೊತೆ ಅದೂ ನನ್ನನ್ನೇ ನೋಡುತ್ತಿತ್ತು.

‘ರೀ, ಇದೇನಿದು?’

‘ಬೆನ್ನುನೋವಿಗೆ ಒಂದು ಮಷೀನು’ ಎಂದೆ.

‘ಬೆನ್ನಿಗೆ ಮೂಗಿದೆಯಾ?’

ಬೆಲೆ ಕೇಳಿದಳು. ಮೂರರಲ್ಲೊಂದು ಪಾಲು ಹೇಳಿದೆ. ‘ಹೌದಾ’ ಎಂದು ಕೈಯಲ್ಲಿದ್ದ ಬಿಲ್ಲನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆ ಬಿಲ್ಲು ಮುಂದೆ ಯಾವ ಸೀರೆಯ ರೂಪದಲ್ಲಿ ಹೊರಗೆ ಬರುತ್ತದೋ ಎಂದು ನಾನಿನ್ನೂ ಕಾಯುತ್ತಿದ್ದೇನೆ.

ಹಚ್ಚಿದರೆ ಅರ್ಧ ದೀಪ ಉರಿಯುತ್ತಿಲ್ಲ! ಒಂದು ಕೆಂಪಗೆ ಬೆಳಗುತ್ತಿದೆ, ಪಕ್ಕದ್ದು ಸತ್ತಿದೆ. ಕಂಪನಿಗೆ ಫೋನ್ ಮಾಡಿದೆ. ಕನ್ನಡಕ್ಕೆ ಒಂದನ್ನು ಒತ್ತಿ, ದೂರಿಗೆ ನಾಲ್ಕನ್ನು ಒತ್ತಿ, ಆಮೇಲೆ ಬಹಳ ಹೊತ್ತು ವೀಣೆ ಕೇಳಿ, ಕೊನೆಗೊಬ್ಬ ಹುಡುಗಿ ಸಿಕ್ಕಳು. ‘ಸಾರ್, ಅದು ಇನ್‌ಫ್ರಾರೆಡ್. ಉರೀತಾ ಇರತ್ತೆ, ಕಣ್ಣಿಗೆ ಕಾಣಲ್ಲ’ ಎಂದಳು. ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತವನು. ಖಾತೆಯಲ್ಲಿದೆ ಆದರೆ ಕಾಣುವುದಿಲ್ಲ ಎಂದು ಯಾರಾದರೂ ಅಂದರೆ ಏನು ಅರ್ಥ ಎಂದು ನನಗೆ ಗೊತ್ತಿಲ್ಲವೇ? ಜೋರು ಮಾಡಿದೆ. ಗ್ರಾಹಕರ ವೇದಿಕೆ ಎಂದೆ, ವಕೀಲರು ಎಂದೆ. ಅಷ್ಟರಲ್ಲಿ ಮಗ ಎದ್ದು ಬಂದ. ಫೋನಿನ ಸೆಲ್ಫಿ ಕ್ಯಾಮರಾ ತೆಗೆದು ಮುಖವಾಡಕ್ಕೆ ಹಿಡಿದ. ಸತ್ತ ದೀಪಗಳೆಲ್ಲ ಪರದೆಯ ಮೇಲೆ ತೆಳು ನೇರಳೆ ಬಣ್ಣದಲ್ಲಿ ಮಿಣಿಮಿಣಿ ಎನ್ನುತ್ತಿವೆ! ನಮ್ಮ ಕಣ್ಣು 700 ನ್ಯಾನೋಮೀಟರಿನ ಆಸುಪಾಸಿನಲ್ಲೇ ಕೈಚೆಲ್ಲುತ್ತದೆ, ಈ ದೀಪಗಳು 850ರವು, ಕ್ಯಾಮರಾಗೆ ಅವು ಅಷ್ಟಿಷ್ಟು ಕಾಣುತ್ತವೆ ಎಂದು ವಿವರಿಸಿ, ಟಿವಿ ರಿಮೋಟಿನ ಮೂತಿಯನ್ನೂ ಹಾಗೇ ಹೊಳೆಸಿ ತೋರಿಸಿದ. ‘ಅಪ್ಪ, ನೀನು ಬಿ.ಎಸ್ಸಿ. ಅಲ್ವಾ?’ ಎಂದು ಕೇಳಿದ್ದು ಮಾತ್ರ ಅನಗತ್ಯವಾಗಿತ್ತು.

ಅಮ್ಮ ಎಲ್ಲ ಕೇಳಿಸಿಕೊಂಡು, ‘ಕಾಣದೇ ಇರೋ ದೀಪಕ್ಕೂ ದುಡ್ಡು ತಗೊಂಡ್ರೇನೋ?’ ಎಂದರು. ಇದಕ್ಕೆ ಯಾವ ಕಂಪನಿಯೂ ಉತ್ತರ ಕೊಡಲಾರದು.

ಯಾರೂ ನೋಡದ ಹೊತ್ತು ಎಂದರೆ ಬೆಳಗಿನ ಜಾವ. ದೀಪ ಆರಿಸಿದ ಹಾಲಿನಲ್ಲಿ ಮುಖವಾಡ ಕಟ್ಟಿಕೊಂಡು, ರಿಮೋಟು ಕೊರಳಿಗೆ ನೇತುಹಾಕಿಕೊಂಡು ಕೂತಿದ್ದೆ. ಅಮ್ಮ ಬಚ್ಚಲಿಗೆ ಹೋಗಲು ಎದ್ದು ಬಂದವರು ಹಾಗೇ ನಿಂತುಬಿಟ್ಟರು. ಅವರದು ತುಮಕೂರು ಕಡೆಯ ಹಳ್ಳಿ. ಕತ್ತಲಲ್ಲಿ ಕೆಂಪಗೆ ಉರಿಯುವ ಆ ಮುಖ ಅವರಿಗೆ ಊರ ಜಾತ್ರೆಯಲ್ಲಿ ಮುಖವಾಡ ತೊಟ್ಟು ಕುಣಿಯುವ ಸೋಮದೇವರ ಹಾಗೇ ಕಂಡಿತು. ನಿಂತಲ್ಲೇ ಕೈ ಮುಗಿದು, ‘ಸೋಮಪ್ಪಾ, ತಪ್ಪಾಯ್ತು. ಹರಕೆ ಮರೆತಿಲ್ಲ. ಈ ಸಲ ತೀರಿಸ್ತೀನಿ’ ಎಂದರು. ‘ಅಮ್ಮ, ನಾನು’ ಎನ್ನಲು ಹೋದೆ. ರಬ್ಬರಿನ ಒಳಗಿಂದ ‘ಹೂಂ’ ಎಂದಷ್ಟೇ ಬಂತು. ಮುಗಿಯಿತಲ್ಲ! ದೇವರೇ ಮನೆಗೆ ಬಂದು ಹೂಂ ಅಂದಮೇಲೆ ತಪ್ಪಿಸುವುದುಂಟೇ? ಬೆಳಕು ಹರಿದ ಮೇಲೆ ಅದು ನಾನು ಎಂದು ಎಷ್ಟು ಹೇಳಿದರೂ, ‘ನೀನಾದರೇನು, ಅವನೇ ಹೇಳಿಸಿದ್ದು’ ಎಂದರು. ಬಾಡಿಗೆ ಕಾರು, ಹಣ್ಣುಕಾಯಿ, ಗ್ರಾಮದೇವತೆ ಅಮ್ಮನವರಿಗೆ ಸೀರೆ, ಪೂಜಾರಿಗೆ ದಕ್ಷಿಣೆ, ಊರಿನ ನೆಂಟರಿಗೆಲ್ಲ ಊಟ. ಹರಕೆಯ ಖರ್ಚು ಮುಖವಾಡದ ಬೆಲೆಯನ್ನು ದಾಟಿತು.

ಆಮೇಲೆ ಹಗಲಿಗೇ ಬದಲಾಯಿಸಿಕೊಂಡೆ. ಹಗಲಿನ ತೊಂದರೆ ಬೇರೆ. ಪೆಟ್ಟಿಗೆಯಲ್ಲಿ ಕಣ್ಣಿಗೆ ಹಾಕಿಕೊಳ್ಳುವ ಕಪ್ಪು ಕನ್ನಡಕ ಕೊಟ್ಟಿದ್ದರು. ಅದನ್ನು ಹಾಕಿದರೆ ಕಣ್ಣಿನ ಕೆಳಗಿನ ಚೀಲಗಳಿಗೆ ಬೆಳಕು ಬೀಳುವುದಿಲ್ಲ. ಅವೇ ತಾನೆ ನನ್ನ ಮುಖ್ಯ ಆಸ್ತಿ? ಅದಕ್ಕೇ ಬಿಟ್ಟಿದ್ದೆ. ಹತ್ತು ನಿಮಿಷ ಬರೀ ಕೆಂಪನ್ನೇ ನೋಡಿ ದಣಿದ ಕಣ್ಣಿಗೆ, ಮುಖವಾಡ ತೆಗೆದ ಮೇಲೆ ಕೊಂಚ ಹೊತ್ತು ಲೋಕವೆಲ್ಲ ತಿಳಿಹಸಿರು. ಗೋಡೆ ಹಸಿರು, ಕಾಫಿ ಲೋಟ ಹಸಿರು. ಹೆಂಡತಿ ಯಾರದೋ ಮನೆಯ ಅರಿಶಿನ ಕುಂಕುಮಕ್ಕೆ ಹೊರಟು ನಿಂತಿದ್ದಳು. ಬಿಲ್ಲಿನ ವಿಷಯ ಮರೆಸಲು ಇದೇ ಸಮಯ ಎಂದುಕೊಂಡು, ‘ಹಸಿರು ಸೀರೆ ನಿನಗೆ ಯಾವಾಗಲೂ ಒಪ್ಪತ್ತೆ ಕಣೆ’ ಎಂದೆ.

ಅವಳು ತನ್ನ ಸೆರಗು ನೋಡಿಕೊಂಡಳು. ‘ಇದು ಬಿಳೀದು. ಹಸಿರು ಉಟ್ಟಿರೋಳು ಯಾರು?’

ಆ ದಿನ ರಾತ್ರಿ ನಮ್ಮ ಮನೆಯಲ್ಲಿ ಉಪ್ಪಿಟ್ಟು.

ಇನ್ನೊಂದು ದಿನ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಬೆಲ್ ಆಯಿತು. ಬಿಚ್ಚಿ ಹೋಗೋಣವೆಂದರೆ ಹಿಂದಿನ ಪಟ್ಟಿ ತಲೆಯಲ್ಲಿ ಉಳಿದಿರುವ ನಾಲ್ಕು ಕೂದಲನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಕಳೆದುಕೊಳ್ಳುವ ಸ್ಥಿತಿಯಲ್ಲಿ ನಾನಿಲ್ಲ. ಹಾಗೇ ಬಾಗಿಲು ತೆರೆದೆ. ಎದುರು ಮನೆಯ ಮಗು ‘ಅಮ್ಮಾ’ ಎಂದು ಚೀರಿ ಓಡಿತು. ಅವರ ಮನೆಯ ನಾಯಿಯೂ ಹಿಂದೆಯೇ ಓಡಿತು. ಗ್ಯಾಸಿನವನು ಮಾತ್ರ ಹೆಗಲ ಮೇಲಿನ ಸಿಲಿಂಡರ್ ದಡ್ಡನೆ ಇಳಿಸಿ, ನನ್ನ ಉರಿಯುವ ಮುಖವನ್ನು ಒಂದು ಕ್ಷಣವೂ ದಿಟ್ಟಿಸದೆ, ‘ಓಟಿಪಿ ಹೇಳಿ ಸಾರ್’ ಎಂದ. ಮನೆಮನೆಗೆ ಸಿಲಿಂಡರ್ ಹೊರುವವನು ಎಂಥೆಂಥ ಗಂಡಂದಿರನ್ನು ಕಂಡಿದ್ದಾನೋ! ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿತು. ಇಪ್ಪತ್ತು ರೂಪಾಯಿ ಹೆಚ್ಚಿಗೆ ಕೊಟ್ಟೆ.

ವಾಕಿಂಗ್ ಗೆಳೆಯರಿಗೆ ಹೇಳಬಾರದಿತ್ತು. ಆದರೆ ಪಾರ್ಕಿನ ಕಲ್ಲುಬೆಂಚಿಗೆ ಬಾಯಿ ಬಿಡಿಸುವ ಗುಣವಿದೆ. ‘ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಎಂಬ ಡಾಕ್ಟರಿಗೆ 1903ರಲ್ಲೇ ಬೆಳಕಿನ ಚಿಕಿತ್ಸೆಗಾಗಿ ನೊಬೆಲ್ ಬಂದಿದೆ, ತಮಾಷೆಯಲ್ಲ’ ಎಂದು ಶುರುಮಾಡಿದೆ. ನಿವೃತ್ತ ಫಿಸಿಕ್ಸ್ ಮೇಷ್ಟ್ರು ಅಲ್ಲೇ ಕೂತಿದ್ದರು. ‘ಅದು ಚರ್ಮದ ಕ್ಷಯಕ್ಕೆ ಸ್ವಾಮಿ. ಅಲ್ಲಿ ಕೆಲಸ ಮಾಡಿದ್ದು ನೇರಳೆ ತುದಿಯ ಬೆಳಕು. ನಿಮ್ಮದು ಕೆಂಪು ತುದಿ. ಕಾಮನಬಿಲ್ಲಿನ ಆ ಕೊನೆ, ಈ ಕೊನೆ’ ಎಂದರು. ಸೋಲಲಿಲ್ಲ ನಾನು. ‘ಹಂಗೇರಿಯ ಎಂಡ್ರೆ ಮೆಸ್ಟರ್ ಕೆಂಪು ಲೇಸರನ್ನೇ ಹಿಡಿದಿದ್ದು! 1960ರ ದಶಕದಲ್ಲಿ, ಬುಡಾಪೆಸ್ಟಿನಲ್ಲಿ. ಕೂದಲು ಬೋಳಿಸಿದ ಇಲಿಗಳ ಮೇಲೆ ಬೆಳಕು ಬಿಟ್ಟ. ಬೆಳಕು ಬಿದ್ದ ಇಲಿಗಳಿಗೆ ಕೂದಲು ಬೇಗ ಬೇಗ ಬೆಳೆಯಿತು. ಈ ವಿದ್ಯೆಯೆಲ್ಲ ಅಲ್ಲಿಂದಲೇ ಶುರು’ ಎಂದೆ.

ಬೆಂಚಿನ ಮೇಲೆ ಮೌನ. ಎಲ್ಲರೂ ಮೊದಲು ನನ್ನ ತಲೆ ನೋಡಿದರು, ಆಮೇಲೆ ಮುಖ ನೋಡಿದರು.

‘ಹಾಗಾದರೆ’ ಎಂದರು ಮೇಷ್ಟ್ರು, ‘ಮೂಗಿನ ಮೇಲೆ ಬಂದರೆ?’

ಆ ರಾತ್ರಿ ನನಗೆ ನಿದ್ದೆಯಿಲ್ಲ. ಎದ್ದೆದ್ದು ಮೂಗು ಸವರಿಕೊಂಡೆ. ಮೂಗೇನೋ ಬೋಳಾಗಿಯೇ ಇತ್ತು, ಅದು ಸಮಾಧಾನ. ಆದರೆ ಇಲಿಗೆ ಬರುವುದಾದರೆ ನನಗೇಕೆ ಬರಬಾರದು ಎಂಬ ಆಸೆ ಮೊಳೆಯಿತು. ಮುಖಕ್ಕೆ ಹತ್ತು ನಿಮಿಷವಾದ ಮೇಲೆ ಅದನ್ನೇ ತೆಗೆದು ನೆತ್ತಿಯ ಮೇಲೆ ಬೋರಲು ಹಾಕಿಕೊಳ್ಳತೊಡಗಿದೆ. ಸಾಲದೆಂದು ಮುಖಕ್ಕೂ ಡಬಲ್. ಹೆಚ್ಚು ಬೆಳಕು ಕೊಟ್ಟರೆ ಹೆಚ್ಚು ಫಲ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಅಳತೆ ಮೀರಿದರೆ ಆಗುವ ಲಾಭವೂ ಇಳಿಯುತ್ತದೆ ಎಂದು ನಾನೇ ಓದಿದ್ದೆ. ಓದಿದ್ದಕ್ಕೂ ಮಾಡುವುದಕ್ಕೂ ಸಂಬಂಧವಿದ್ದರೆ ಇಷ್ಟು ಹೊತ್ತಿಗೆ ಎಲ್ಲೋ ಇರುತ್ತಿದ್ದೆ ಬಿಡಿ.

ಇಷ್ಟರ ಮಧ್ಯೆ ಒಂದು ವಿಚಿತ್ರ ಗಮನಿಸಿದೆ. ನಾನು ನನ್ನ ತಲೆಯ ಅಳತೆಗೆ ಅಂಟಿಸಿಟ್ಟ ಪಟ್ಟಿ ದಿನಾ ಮಧ್ಯಾಹ್ನದ ಹೊತ್ತಿಗೆ ಎರಡು ಬೆರಳು ಬಿಗಿಯಾಗಿರುತ್ತಿತ್ತು. ಒಳಗಡೆ, ಹಣೆಯ ಜಾಗದಲ್ಲಿ, ಕುಂಕುಮದ ಕಲೆ. ನನ್ನನ್ನು ‘ಮದುಮಗ’ ಎಂದು ಹಂಗಿಸುತ್ತಿದ್ದವಳು ನಾನು ಊಟ ಮಾಡಿ ಮಲಗಿದಾಗ ಮಾಡುತ್ತಿದ್ದ ಕೆಲಸ ಇದು! ಕೇಳಿದರೆ ಒಂಚೂರೂ ಅಳುಕಲಿಲ್ಲ. ‘ಬಿಲ್ಲು ಯಾರ ಹತ್ರ ಇದೆ?’ ಎಂದಳು. ಅವಳಿಗೆ ಕೆನ್ನೆಯ ಮೇಲೆ ಬಂಗು. ಅದು ಹೋಗಲಿ ಎಂದು ಬೆಳಕು ಬಿಟ್ಟುಕೊಂಡರೆ, ಕಪ್ಪು ಇನ್ನಷ್ಟು ಎದ್ದು ಕಾಣುತ್ತಿದೆ ಎಂಬ ಅನುಮಾನ. ಇಬ್ಬರೂ ಚರ್ಮದ ಡಾಕ್ಟರ ಬಳಿ ಹೋದೆವು.

ಡಾಕ್ಟರಮ್ಮ ನಮ್ಮ ಮಗಳ ವಯಸ್ಸಿನವರು. ‘ಬಂಗು ಇರೋರು ಕೇಳದೇ ಇದನ್ನೆಲ್ಲ ಹಾಕ್ಕೋಬಾರದು ಆಂಟಿ. ಬಿಸಿಗೂ ಬೆಳಕಿಗೂ ಅದು ಕೆರಳೋದುಂಟು’ ಎಂದು ಅವಳಿಗೆ ಹೇಳಿದರು. ನನ್ನ ಕಡೆ ತಿರುಗಿ, ಕಣ್ಣಿಗೆ ಕನ್ನಡಕ ಹಾಕದ್ದಕ್ಕೆ ಗದರಿಸಿ, ಬೇರೆ ಯಾವ ಮಾತ್ರೆ ತಗೋತೀರಿ ಎಂದು ವಿಚಾರಿಸಿದರು. ಕೆಲವು ಔಷಧಿಗಳು ಚರ್ಮವನ್ನು ಬೆಳಕಿಗೆ ನಾಜೂಕು ಮಾಡುತ್ತವಂತೆ. ಆಮೇಲೆ ಕೇಳಿದರು:

‘ಅಂಕಲ್, ವಾಕಿಂಗ್ ಎಷ್ಟು ಹೊತ್ತಿಗೆ?’

‘ಎಂಟು ಗಂಟೆಗೆ. ಒಳ್ಳೆ ಬಿಸಿಲು ಬಂದಮೇಲೆ. ಮೂವತ್ತು ವರ್ಷದಿಂದ ತಪ್ಪಿಸಿಲ್ಲ’ ಎಂದೆ ಹೆಮ್ಮೆಯಿಂದ.

‘ಮುಖಕ್ಕೆ ಏನು ಹಚ್ಕೊಂಡು ಹೋಗ್ತೀರಾ?’

‘ವಿಭೂತಿ.’

ಅವರು ಬರೆಯುತ್ತಿದ್ದ ಪೆನ್ನು ನಿಂತಿತು. ಗೆರೆಗಳಲ್ಲಿ ಮುಕ್ಕಾಲು ಆ ಬಿಸಿಲಿನ ಕಾಣಿಕೆ, ಮೊದಲು ಸನ್‌ಸ್ಕ್ರೀನ್ ಹಚ್ಚಿ, ದೀಪದ ಮಾತು ಆಮೇಲೆ ಎಂದರು. ಅಂದಿನಿಂದ ಬೆಳ್ಳಗೆ ಬಳಿದುಕೊಂಡು ಪಾರ್ಕಿಗೆ ಹೋಗುತ್ತೇನೆ. ಮೇಷ್ಟ್ರು ದೂರದಿಂದಲೇ, ‘ಇವತ್ತು ಯಾವ ಪ್ರಸಂಗ?’ ಎಂದು ಕೇಳುತ್ತಾರೆ.

ಹೆಂಡತಿಯ ಸರದಿ ತಪ್ಪಿತಲ್ಲ, ಇನ್ನು ಯಂತ್ರ ಪೂರಾ ನನ್ನದೇ ಎಂದುಕೊಂಡೆ. ಅಮ್ಮನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವರಿಗೆ ಮಂಡಿನೋವು. ಹಿಂದೆ ಫಿಸಿಯೋಥೆರಪಿಯವರು ಅವರ ಮಂಡಿಗೆ ಕೆಂಪು ದೀಪ ಇಟ್ಟಿದ್ದರು. ಅದು ಅಮ್ಮನಿಗೆ ನೆನಪಿತ್ತು. ಒಂದು ಮಧ್ಯಾಹ್ನ ನೋಡುತ್ತೇನೆ, ಮಂಚದ ಮೇಲೆ ಕಾಲು ನೀಡಿ ಕೂತಿದ್ದಾರೆ. ನನ್ನ ಮುಖವಾಡವನ್ನು ಹಳೇ ಸೀರೆಯ ಅಂಚಿನಿಂದ ಬಲ ಮಂಡಿಗೆ ಬಿಗಿದಿದ್ದಾರೆ. ಮೂಗಿನ ತೂತಿನಲ್ಲಿ ಮಂಡಿಚಿಪ್ಪು ಅಳತೆ ತೆಗೆಸಿದಂತೆ ಕೂತಿದೆ. ‘ಬೆಚ್ಚಗೆ ಹಾಯಾಗಿದೆ ಕಣೋ. ನಿನ್ನ ಹೆಂಡ್ತಿ ಹೇಳಿದ್ಲು, ನೋವಿಗೆ ಅಂತ್ಲೇ ತರಿಸಿದ್ದಂತಲ್ಲ’ ಎಂದರು. ಬೆನ್ನುನೋವಿನ ಮಷೀನು ಎಂದು ನಾನು ಆಡಿದ ಮಾತು, ಒಳ್ಳೆ ಬಡ್ಡಿ ಸಮೇತ ವಾಪಸು ಬಂತು.

ಅಮ್ಮನಿಗೆ ಹಾಯಾದ ಸುದ್ದಿ ಬೀದಿಯಲ್ಲಿ ಹರಡಲು ಹೂವಿನವಳು ಒಂದು ಸುತ್ತು ಬಂದರೆ ಸಾಕು. ಈಗ ಸಂಜೆಯಾದರೆ ನಮ್ಮ ಹಾಲಿನಲ್ಲಿ ಮಂಡಿಗಳು, ಮೊಣಕೈಗಳು, ಒಂದು ಹಿಮ್ಮಡಿ. ಅಮ್ಮ ನಡುವೆ ಕೂತು ಕ್ಯಾಲೆಂಡರಿನ ಹಿಂಬದಿಯಲ್ಲಿ ಹೆಸರು ಬರೆದುಕೊಳ್ಳುತ್ತಾರೆ. ಹೆಂಡತಿ ಕಾಫಿ ಸರಬರಾಜು. ಬರುವವರಿಗೆಲ್ಲ ಬಿಲ್ಲು ತೋರಿಸುತ್ತಾಳೆ, ‘ನಮ್ಮನೇವರು ಅತ್ತೆಗೆ ಅಂತ ಎಷ್ಟು ಖರ್ಚು ಮಾಡಿದಾರೆ ನೋಡಿ’ ಎಂದು. ಬೀದಿಯಲ್ಲಿ ನನಗೀಗ ಶ್ರವಣಕುಮಾರನ ಪಟ್ಟ. ಮುಖದ ಮಾತು ಎತ್ತುವಂತೆಯೇ ಇಲ್ಲ.

ನಿನ್ನೆ ರಾತ್ರಿ ತಡೆಯದೆ ಕೇಳಿಯೇಬಿಟ್ಟೆ: ‘ಅಮ್ಮ, ಮದುವೆ ಹತ್ತಿರ ಬಂತು. ನನ್ನ ಪಾಳಿ ಯಾವಾಗ?’

ಅಮ್ಮ ಕ್ಯಾಲೆಂಡರಿನ ಮೇಲೆ ಬೆರಳಾಡಿಸಿದರು. ‘ಪದ್ಮಮ್ಮನ ಸೊಂಟ ಆದ್ಮೇಲೆ ನೋಡೋಣ ಇರು. ಪಾಪ, ಮೆಟ್ಟಿಲು ಹತ್ತಿ ಬಂದಿದಾರೆ. ನಿನ್ನ ಮುಖ ಎಲ್ಲಿಗೋ ಹೋಗತ್ತೆ?’